ಎಡಗೈ ಬ್ರೇಕಿನ ಸೈಕಲ್ಲು

ವೆಲಿಗಾಮ

ಶ್ರೀಲಂಕಾದ ದಕ್ಷಿಣ ಕಡಲ ದಂಡೆಯಲ್ಲಿರುವ ವೆಲಿಗಾಮ ಎಂಬ ಊರಿನಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ನಾವು ಸವಾರಿ ಹೊರಡಬೇಕಿದ್ದುದು ಅಲ್ಲಿಂದಲೇ. ಆದರೆ ಮೊದಲ ಅರ್ಧ ದಿನ ಒಂದು ಗಾಲಿಯೂ ಉರುಳಲಿಲ್ಲ. ಸೈಕಲ್ಲಿಗೆ ಎರಡು ಬ್ರೇಕ್ ಇರುತ್ತವೆ, ನನ್ನ ಜೊತೆಗಾರನಿಗೆ ಬ್ರೇಕ್ ಹಿಡಿಯುವ ಕೈ ಒಂದೇ.

ಜೊತೆಗಾರನ ಹೆಸರು ಯಲ್ಲಪ್ಪ. ಕೊಪ್ಪಳದ ಕಡೆಯವನು. ಹರೆಯದಲ್ಲಿ ಪೀಣ್ಯಕ್ಕೆ ಬಂದು, ನಾನು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಆಪರೇಟರ್ ಆದ. ನಾನು ಅದೇ ಶಾಪಿನಲ್ಲಿ ಸೆಟ್ಟರ್. ಅಂದರೆ ಪ್ರೆಸ್ಸಿಗೆ ಅಚ್ಚು ಕೂಡಿಸಿ, ಅಳತೆ ನೋಡಿ, ಇವನಂಥವರ ಕೈಗೆ ಒಪ್ಪಿಸುವವನು. ಅವನ ಬಲಗೈಯಲ್ಲಿ ಈಗ ಇರುವುದು ಹೆಬ್ಬೆರಳು ಮಾತ್ರ. ಉಳಿದ ನಾಲ್ಕು ಬೆರಳು ಆ ಪ್ರೆಸ್ಸಿನಲ್ಲೇ ಹೋಗಿ ಇಪ್ಪತ್ತೆರಡು ವರ್ಷವಾಯಿತು.

ಪಾಸ್‌ಪೋರ್ಟ್ ಮಾಡಿಸಲು ಹೋದಾಗ ಅಲ್ಲಿನ ಹುಡುಗಿ ಯಂತ್ರದ ಮೇಲೆ ಕಣ್ಣಿಟ್ಟುಕೊಂಡೇ, "ಬಲಗೈ ನಾಲ್ಕು ಬೆರಳು ಇಡಿ ಸಾರ್" ಎಂದಳು.

"ಅವು ಪೀಣ್ಯದಾಗ ಅದಾವ ಮೇಡಂ. ತರಾಕ ಮರತೆ" ಎಂದ ಯಲ್ಲಪ್ಪ.

ಹುಡುಗಿ ತಲೆ ಎತ್ತಿ ನೋಡಿ ಬೆವೆತುಹೋದಳು. ಇವನೇ ಅವಳಿಗೆ ಸಮಾಧಾನ ಹೇಳಿದ. ಅವನು ಯಾವಾಗಲೂ ಹಾಗೆಯೇ.

ಕೈ ಹೋದ ಮೇಲೆ ಅವನನ್ನು ಗೇಟಿನ ಕಾವಲಿಗೆ ಕೂರಿಸಿದರು. ಆ ಗೇಟಿನ ಕೋಣೆಯ ಗೋಡೆಗೆ ಯಾವುದೋ ಟೀ ಪುಡಿ ಕಂಪನಿಯ ಕ್ಯಾಲೆಂಡರ್ ಒಂದಿತ್ತು. ತಿಂಗಳುಗಳೆಲ್ಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಅವನು ಅದನ್ನು ತೆಗೆದಿರಲಿಲ್ಲ. ಚಿತ್ರದಲ್ಲಿ ಕಡಲು, ನೀರಿನ ಕಡೆಗೆ ಬಾಗಿದ ತೆಂಗು, ಅದರ ಬುಡದ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿರುವ ಒಬ್ಬ ಮನುಷ್ಯ. ಕೆಳಗೆ ಇಂಗ್ಲಿಷಿನಲ್ಲಿ ತಂಗಾಲೆ, ಶ್ರೀಲಂಕಾ ಎಂದಿತ್ತು. "ಸಾಹೇಬ್ರ, ಈ ದಾರ್ಯಾಗ ಒಮ್ಮೆ ಸೈಕಲ್ ಹೊಡೀಬೇಕ್ರಿ" ಎನ್ನುತ್ತಿದ್ದ. ಹೇಳಿ, ತನ್ನ ಕೈ ನೋಡಿಕೊಂಡು ತಾನೇ ನಗುತ್ತಿದ್ದ. ಈ ವರ್ಷ ನಾನೇ ಬಲವಂತ ಮಾಡಿ ಅವನನ್ನು ಹೊರಡಿಸಿದೆ.

ಸೈಕಲ್ ಅಂಗಡಿಯ ಯಜಮಾನರು ತಮಿಳು ಮಾತಾಡುವ ಹಿರಿಯ ಮುಸಲ್ಮಾನರು. ನನ್ನ ತಮಿಳು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕಲಿತದ್ದು, ಅದರಲ್ಲಿ ಅರ್ಧ ಬೈಗುಳ. ಉಳಿದರ್ಧದಲ್ಲಿ ಸ್ಪ್ಯಾನರು, ಕಟ್ಟಿಂಗ್ ಪ್ಲೇಯರು ಕೇಳಿ ಪಡೆದೆ. ಬಲಗಡೆಯ ಲಿವರ್ ಬಿಚ್ಚಿದೆ. ಎರಡು ಬ್ರೇಕಿನ ತಂತಿಯನ್ನೂ ಎಡಗಡೆಯ ಒಂದೇ ಲಿವರಿಗೆ ಸೇರಿಸಿ ಬಿಗಿದೆ. ಬಲಗಡೆಯ ಹಿಡಿ ಸಣ್ಣದು, ಅವನ ಅಂಗೈ ಅದರ ಮೇಲೆ ನಿಲ್ಲದೆ ಜಾರುತ್ತಿತ್ತು. ಹಳೇ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದೆಳೆದು ಸುತ್ತಿ ಹಿಡಿಯನ್ನು ದಪ್ಪ ಮಾಡಿದೆ. ಕೊನೆಯ ತುದಿಯನ್ನು ಸುತ್ತಿನ ಒಳಗೇ ಸಿಕ್ಕಿಸಿದೆ.

"ನಿಮ್ಮ ಕಟ್ಟು ಅಂದ್ರ ಕಟ್ಟು ನೋಡ್ರಿ. ಬಿಚ್ಚಾಕ ನೀವ ಬರಬೇಕು" ಎಂದ ಯಲ್ಲಪ್ಪ. ಅವನು ಮೆಚ್ಚಿ ಹೇಳಿದ್ದು. ನನ್ನ ಕೈ ಹಿಡಿಯ ಮೇಲೆಯೇ ನಿಂತುಬಿಟ್ಟಿತು.

ಯಜಮಾನರು ಅವನ ಕೈ ತೋರಿಸಿ ಏನಾಯಿತೆಂದು ಕೇಳಿದರು. "ನಾನ ಮಾಡ್ಕೊಂಡಿದ್ದು ಅಂತ ಹೇಳ್ರಿ. ಅವಸರ ಮಾಡಿದೆ ಅಂತ ಹೇಳ್ರಿ" ಎಂದ ಯಲ್ಲಪ್ಪ. ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಒಂದು ಸುಳ್ಳನ್ನು ಎರಡನೇ ಭಾಷೆಯಲ್ಲಿಯೂ ಹೇಳಿದಂತಾಯಿತು.

ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಪ್ರೆಸ್ಸಿಗೆ ಎರಡು ಹಸಿರು ಬಟನ್ ಇದ್ದವು. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಆಗ ಕೈ ಅಚ್ಚಿನಲ್ಲಿ ಸಿಗುವುದಿಲ್ಲ. ಆದರೆ ಅಚ್ಚು ಕೂಡಿಸುವಾಗ ಸೆಟ್ಟರಿಗೆ ಒಂದು ಕೈ ಬಿಡುವು ಬೇಕು. ಅದಕ್ಕೆ ನಾವು ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಒತ್ತಿ ಕಟ್ಟಿಬಿಡುತ್ತಿದ್ದೆವು. ಆಪರೇಟರ್ ಕೈಗೆ ಕೊಡುವ ಮುಂಚೆ ಬಿಚ್ಚಬೇಕು. ಆ ಬೆಳಿಗ್ಗೆ ನಾನು ಕಟ್ಟಿದೆ, ಅಚ್ಚು ಕೂಡಿಸಿದೆ. ಅಷ್ಟರಲ್ಲಿ ಟೀ ಬಂತು. ಟೀ ಕುಡಿಯಲು ಹೋದೆ. ಯಲ್ಲಪ್ಪ ಬಂದು ಪ್ರೆಸ್ಸಿನ ಮುಂದೆ ನಿಂತ. ಎಡಗೈ ಬಟನ್ನಿನ ಮೇಲಿತ್ತು, ಓರೆಯಾದ ತಗಡನ್ನು ಸರಿಮಾಡಲು ಬಲಗೈ ಒಳಗೆ ಹೋಯಿತು.

ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ಪಕ್ಕದಲ್ಲಿದ್ದವನು ನಾನು. "ಟಾರ್ಗೆಟ್ ಇತ್ತಲ್ಲ, ಬಟನ್ ನೀನೇ ಕಟ್ಕೊಂಡ್ಬಿಟ್ಟಿದ್ದೆ ಕಣೋ" ಎಂದೆ. ಟಾರ್ಗೆಟ್ ಜಾಸ್ತಿ ಇದ್ದ ದಿನ ಆಪರೇಟರುಗಳೂ ಕೆಲಸ ಬೇಗ ಸಾಗಲೆಂದು ಕದ್ದು ಹಾಗೆ ಕಟ್ಟುತ್ತಿದ್ದರು, ಇವನೂ ಕಟ್ಟಿದ್ದುಂಟು. ಅವನು ಬಹಳ ಹೊತ್ತು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡುತ್ತಿದ್ದ. "ಹೌದೇನ್ರಿ? ಕಟ್ಕೊಂಡಿರಬೇಕು ಬಿಡ್ರಿ" ಎಂದ. ವರದಿಯಲ್ಲಿ ನಾನು ಹಾಗೆಯೇ ಬರೆದು ಸಹಿ ಹಾಕಿದೆ.

ಈ ಪ್ರವಾಸ ಹೂಡಿದ್ದು ಅವನಿಗೆ ಇದನ್ನು ಹೇಳುವುದಕ್ಕೆ. ಪೀಣ್ಯದಲ್ಲಿ ನನಗೆ ಮಾತು ಬರುತ್ತಿರಲಿಲ್ಲ. ಬೇರೆ ದೇಶದಲ್ಲಿ ಬಂದೀತು ಎಂದುಕೊಂಡಿದ್ದೆ.

ಮಾತರ

ವೆಲಿಗಾಮದಿಂದ ಮಾತರಕ್ಕೆ ದಾರಿ ಕಡಲನ್ನು ಬಲಗಡೆ ಇಟ್ಟುಕೊಂಡೇ ಸಾಗುತ್ತದೆ. ತೆಂಗಿನ ಸಾಲು ಮುಗಿದಲ್ಲೆಲ್ಲ ನೀರು ಕಾಣುತ್ತದೆ. ಹತ್ತಿರದಲ್ಲಿ ಹಸಿರು, ದೂರದಲ್ಲಿ ಕಡುನೀಲಿ, ನಡುವೆ ಬಿಳಿ ಗೆರೆ. ನಾನು ಹುಟ್ಟಿದ್ದು ಚೊಕ್ಕಸಂದ್ರದಲ್ಲಿ. ನಮ್ಮ ಹೊಲ ಹೋಗಿ ಕಾರ್ಖಾನೆ ಬಂದವು, ಕೆರೆ ಹೋಗಿ ನೊರೆ ಬಂತು. ಇಷ್ಟು ನೀರು ವಾಸನೆ ಇಲ್ಲದೆ ಇರುವುದನ್ನು ನೋಡಿ ಮೊದಲು ನಂಬಿಕೆಯೇ ಬರಲಿಲ್ಲ.

ಯಲ್ಲಪ್ಪ ಸೈಕಲ್ ಮುಟ್ಟಿ ಇಪ್ಪತ್ತೆರಡು ವರ್ಷವಾಗಿತ್ತು. ಮೊದಲ ಮೈಲಿ ಓಲಾಡುತ್ತಾ ಹೋದ. ಎರಡನೇ ಮೈಲಿಯಲ್ಲಿ ನನ್ನನ್ನು ಹಿಂದೆ ಹಾಕಿದ. ಮೂರನೆಯದರಲ್ಲಿ ರಸ್ತೆಗೆ ಅಡ್ಡವಾಗಿ ಮೊಸಳೆಯೊಂದು ನಿಧಾನವಾಗಿ ನಡೆದುಬಂತು. ಯಲ್ಲಪ್ಪ ಎಡಗೈ ಬ್ರೇಕ್ ಹಿಡಿದ. ಎರಡೂ ಗಾಲಿ ಒಟ್ಟಿಗೆ ಹಿಡಿದು, ಮನುಷ್ಯ ಮರಳಿನ ಮೇಲೆ, ಸೈಕಲ್ ಅವನ ಮೇಲೆ. ಮೀನು ಮಾರುವ ಹೆಂಗಸೊಬ್ಬಳು ನಗುತ್ತಾ ಓಡಿಬಂದು ಸೈಕಲ್ ಎತ್ತಿದಳು. ಅದು ಮೊಸಳೆಯಲ್ಲ, ಆ ದೇಶದ ಉಡ. ನಮ್ಮಲ್ಲಿ ನಾಯಿ ಅಡ್ಡಾಡಿದಂತೆ ಅಲ್ಲಿ ಅಡ್ಡಾಡುತ್ತದೆ, ಯಾರೂ ಓಡಿಸುವುದಿಲ್ಲ.

"ಬ್ರೇಕ್ ಭಾಳ ಚಲೋ ಸೆಟ್ ಮಾಡೀರಿ ಸಾಹೇಬ್ರ" ಎಂದ, ಮರಳು ಉಗುಳುತ್ತಾ.

ಅಲ್ಲಿಯ ಜನ ಮಾತು ಮಾತಿಗೂ ಹರಿ ಹರಿ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅದು ಸರಿ ಸರಿ ಎಂದಂತೆ. ಯಲ್ಲಪ್ಪ ಆ ಹೆಂಗಸಿಗೆ ಕೈಮುಗಿದು ತಾನೂ ಹರಿ ಹರಿ ಅಂದ.

ಮಾತರದ ಪೇಟೆಯಲ್ಲಿ ರಸ್ತೆ ದಾಟಲು ಹಳದಿ ಪಟ್ಟೆ ಬಳಿದಿರುತ್ತಾರೆ. ನಾವು ಅದರ ಅಂಚಿನಲ್ಲಿ ನಿಂತಿದ್ದೇ ತಡ, ಬಸ್ಸು ನಿಂತಿತು, ಲಾರಿ ನಿಂತಿತು, ಯಾರೂ ಹಾರ್ನ್ ಹೊಡೆಯಲಿಲ್ಲ. ಯಲ್ಲಪ್ಪ ದಾಟಿದ. ಆಮೇಲೆ ಪುನಃ ಈ ಕಡೆಗೆ ದಾಟಿದ. ಮತ್ತೂ ಒಮ್ಮೆ ಆ ಕಡೆಗೆ ಹೋದ.

"ಏನೋ ಅದು, ಮಕ್ಕಳಾಟ?" ಎಂದು ಗದರಿದೆ.

"ಇರ್ರಿ, ಪೀಣ್ಯದ ಬಾಕಿ ಎಲ್ಲಾ ಇಲ್ಲೇ ದಾಟಿಬಿಡ್ತೀನಿ. ಅಲ್ಲಿ ಹಿಂಗ ನಿಂತ್ರ ಲಾರಿಯಾಂವ ಹೆಣಾನ ದಾಟಸ್ತಾನ."

ಚಹಾ ಅಂಗಡಿಯಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ ಕೆಂಪು ಚಹಾ ಕೊಟ್ಟು, ಪಕ್ಕದ ತಟ್ಟೆಯಲ್ಲಿ ಕಪ್ಪು ಬೆಲ್ಲದ ಚೂರು ಇಟ್ಟರು. ಬೆಲ್ಲ ಕಚ್ಚಿ ಚಹಾ ಕುಡಿಯುವುದು ಅಲ್ಲಿನ ಪದ್ಧತಿ. ನಾನು ಲೋಟ ಕೆಳಗಿಟ್ಟು, "ಯಲ್ಲಪ್ಪ, ಆವತ್ತು ಏನಾಯ್ತು ಅಂದ್ರೆ" ಎಂದು ಶುರು ಮಾಡಿದೆ.

"ಯಾವತ್ತರಿ?" ಅಂದ. ತುಟಿಯ ಮೇಲೆ ಬೆಲ್ಲ ಮೆತ್ತಿತ್ತು. ಅಷ್ಟು ಸಂತೋಷವಾಗಿದ್ದ ಆ ಮುಖ ನೋಡಿ ನಾನು, "ಏನಿಲ್ಲ, ಬಿಸಿಲು ಜಾಸ್ತಿ" ಎಂದುಬಿಟ್ಟೆ. ಟೀ ಕುಡಿಯುವಾಗಲೇ ತಪ್ಪು ಮಾಡಿದವನಿಗೆ ಅದನ್ನು ಸರಿಪಡಿಸಲೂ ಟೀ ಕುಡಿಯುವಾಗ ಆಗಲಿಲ್ಲ.

ದೊಂದ್ರ

ದೊಂದ್ರದಲ್ಲಿ ಬಿಳಿಯ ದೀಪಸ್ತಂಭವೊಂದಿದೆ. ಅದು ಆ ದೇಶದ ಕೊನೆಯ ತುದಿ. ಅಲ್ಲಿಂದಾಚೆ ದಕ್ಷಿಣಕ್ಕೆ ಹಿಮದ ಖಂಡದ ತನಕ ಬರೀ ನೀರು, ನಡುವೆ ನೆಲವೇ ಇಲ್ಲ ಎಂದು ಕಾವಲುಗಾರ ಹೇಳಿದ. ನಾವು ಸೈಕಲ್ ಒರಗಿಸಿ, ಬಂಡೆಗಳ ಮೇಲೆ ನಡೆದು, ನೀರು ಸಿಡಿಯುವ ಕಡೆ ಕುಳಿತೆವು.

"ಗಂಗವ್ವ ಇದ್ದಿದ್ರ ಇಲ್ಲೂ ಬೈತಿದ್ಲು ನೋಡ್ರಿ" ಎಂದ ಯಲ್ಲಪ್ಪ.

ಗಂಗವ್ವ ಅವನ ಹೆಂಡತಿ. ತೀರಿಕೊಂಡು ಮೂರು ವರ್ಷ. ಅವಳ ಬೈಗುಳ ನನಗೂ ಗೊತ್ತಿತ್ತು. ಕೈ ಹೋದ ಮೊದಲ ವರ್ಷ ಅವಳೇ ರೊಟ್ಟಿ ಮುರಿದು ಅವನ ಬಾಯಿಗಿಡುತ್ತಿದ್ದಳು. ಇಡುತ್ತಲೇ ಅನ್ನುತ್ತಿದ್ದಳು. "ನಿಮ್ಮ ಕೈ ನೀವ ಕತ್ತರಿಸ್ಕೊಂಡ್ರಿ. ಯಾರನ್ನ ಬೈಯೂದು? ಬ್ಯಾರೆ ಯಾರರ ಮಾಡಿದ್ರ ಅವ್ರ ಮನೀ ಮುಂದ ಕುಂತು ಅಳತಿದ್ದೆ." ನಾನು ಹಣ್ಣು ತೆಗೆದುಕೊಂಡು ಹೋದಾಗಲೂ ನನ್ನೆದುರೇ ಅಂದಿದ್ದಾಳೆ. ನನಗೆ ಚಹಾ ಕೊಟ್ಟು, "ನೀವರ ನಾಕ ಮಾತು ಬುದ್ಧಿ ಹೇಳ್ರಿ ಅಣ್ಣಾರ" ಎಂದಿದ್ದಾಳೆ. ನಾನು ಬುದ್ಧಿಯನ್ನೂ ಹೇಳಿದ್ದೇನೆ.

"ಅಕಿದು ತಪ್ಪಿಲ್ಲರಿ" ಎಂದ ಅವನು, ಕಡಲ ಕಡೆ ನೋಡುತ್ತಾ. "ಆರು ಮನಿ ಪಾತ್ರಿ ತಿಕ್ಕಿ ಕೂಸಿನ್ನ ಓದಿಸಿದ್ಲು. ಸಾಯೂ ಮುಂದ ರೇಣುಕಾನ ಕೈ ಹಿಡದು, ನಿಮ್ಮಪ್ಪ ಅವಸರದ ಮನಿಷ್ಯಾ, ನೋಡ್ಕೋ ಅಂದ್ಲು. ನೀವೂ ಇದ್ರಲ್ಲ, ಅಷ್ಟ ಅಂದಿದ್ದು. ಮುಂದ ಮಾತಿಲ್ಲ."

ಆಗಲೇ ಹೇಳಬೇಕಿತ್ತು. ಅಷ್ಟು ನೀರಿನ ಮುಂದೆ ಕುಳಿತಿದ್ದರೂ ಬಾಯಿ ಒಣಗಿತ್ತು. ಹೇಳಲಿಲ್ಲ.

ಹುಮ್ಮಾನಯ

ದಿಕ್ವೆಲ್ಲ ದಾಟಿದ ಮೇಲೆ, ಮೀನು ಒಣಗಿಸುವ ಹಳ್ಳಿಯೊಂದರ ಹಿಂದೆ, ಗುಡ್ಡ ಹತ್ತಿ ಇಳಿದರೆ ಹುಮ್ಮಾನಯ ಎಂಬ ಜಾಗವಿದೆ. ಬಂಡೆಯೊಳಗೆ ಒಂದು ಸೀಳು. ಕೆಳಗಿನಿಂದ ಅಲೆ ನುಗ್ಗಿದಾಗ ನೀರು ಆ ಸೀಳಿನಿಂದ ತೆಂಗಿನ ಮರದೆತ್ತರ ಚಿಮ್ಮುತ್ತದೆ. ಶಾಲೆಯ ಮಕ್ಕಳು ಕಟಕಟೆಗೆ ಒರಗಿ ನೀರಿಗಾಗಿ ಕಾಯುತ್ತಿದ್ದರು. ನಾವೂ ಅವರ ನಡುವೆ ನಿಂತೆವು.

ನೀರು ಬರುವ ಮುಂಚೆ ಒಂದು ಶಬ್ದ ಬರುತ್ತದೆ. ಬಂಡೆಯೊಳಗಿನ ಗಾಳಿ ಒಮ್ಮೆಗೇ ಹೊರಬೀಳುವ ಶಬ್ದ. ಪ್ರೆಸ್ ಶಾಪಿನಲ್ಲಿ ಕೆಲಸ ಮಾಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಪ್ರೆಸ್ ಇಳಿಯುವ ಮುಂಚೆ ಗಾಳಿ ಬಿಡುವ ಸದ್ದು ಅದೇ.

ಮಕ್ಕಳು ಕಿರುಚಿ ನಕ್ಕರು. ಯಲ್ಲಪ್ಪ ಬಲಗೈಯನ್ನು ಎಡಕಂಕುಳಿಗೆ ತುರುಕಿಕೊಂಡು ಕುಗ್ಗಿ ಕುಳಿತುಬಿಟ್ಟಿದ್ದ. ನೀರು ಮೇಲೆದ್ದು ನಮ್ಮಿಬ್ಬರ ಮೇಲೂ ಬಿತ್ತು. ಅವನು ಏಳಲಿಲ್ಲ. ಎರಡನೇ ಸಲ ಶಬ್ದ ಬಂದಾಗ ಕೈಯನ್ನು ಇನ್ನೂ ಒಳಕ್ಕೆ ಎಳೆದುಕೊಂಡ.

ಅವನನ್ನು ಎಬ್ಬಿಸಿ ಮೆಟ್ಟಿಲ ಬಳಿ ಕೂರಿಸಿದೆ. "ಹುಚ್ಚ ಕೈ ನೋಡ್ರಿ ಇದು. ಇನ್ನೂ ಮರತಿಲ್ಲ" ಎಂದು ನಗಲು ನೋಡಿದ. "ತಪ್ಪ ನಂದು, ಹೆದರೂದು ಅದು."

"ತಪ್ಪು ನಿಂದಲ್ಲ ಕಣೋ" ಎಂದೆ. "ಆ ಬಟನ್ ನೀನು ಕಟ್ಟಿರ್ಲಿಲ್ಲ. ನಾನು ಕಟ್ಟಿದ್ದೆ. ಅಚ್ಚು ಕೂಡಿಸೋವಾಗ ಕಟ್ಟಿ, ಬಿಚ್ಚೋದು ಮರೆತು ಟೀಗೆ ಹೋದೆ. ಆಸ್ಪತ್ರೇಲಿ ನಿಂಗೆ ಹೇಳಿದ್ದು ಸುಳ್ಳು. ಬರೆದು ಕೊಟ್ಟಿದ್ದೂ ಸುಳ್ಳು."

ಅವನು ನನ್ನ ಮುಖ ನೋಡಲಿಲ್ಲ. ಒದ್ದೆ ಅಂಗಿಯ ತುದಿಯನ್ನು ಎಡಗೈಯಿಂದ ಹಿಂಡುತ್ತಾ ಕುಳಿತಿದ್ದ. ನೀರು ಮತ್ತೆ ಮತ್ತೆ ಚಿಮ್ಮಿ ಬಿತ್ತು.

"ಗಂಗವ್ವಗ ಗೊತ್ತಿತ್ತೇನ್ರಿ?" ಎಂದು ಕೇಳಿದ.

"ಇಲ್ಲ."

"ಹಂಗಂದ್ರ ಅಕಿ ಹತ್ತೊಂಬತ್ತು ವರ್ಷ ಆ ಸುಳ್ಳಿಗೇ ನನ್ನ ಬೈದ್ಲು." ಬಲಗೈ ಮುಂದೆ ಹಿಡಿದು ಹೇಳಿದ. "ಗೇಟಿಗೆ ಬಂದ ಹೊಸ ಹುಡುಗರಿಗೆಲ್ಲಾ ಈ ಕೈ ತೋರಿಸಿ, ನಾನ ಮಾಡ್ಕೊಂಡೇನಿ, ನೀವು ಮಾಡ್ಕೋಬ್ಯಾಡ್ರಿ ಅಂತ ಹೇಳೇನಿ. ನೀವು ಅಲ್ಲೇ ನಿಂತು ಕೇಳೀರಿ."

"ಕೇಳಿದೀನಿ."

"ನನಗ ಈಗ ಯಾಕ ಹೇಳಿದ್ರಿ ಸಾಹೇಬ್ರ? ಅಕಿಗೆ ಹೇಳಬೇಕಿತ್ತು."

ಅವನು ಎದ್ದು ಮೆಟ್ಟಿಲು ಹತ್ತಿ ಹೊರಟುಹೋದ. ಹೋಗುವಾಗ ಸೈಕಲ್ ಮುಟ್ಟಲಿಲ್ಲ.

ತಂಗಾಲೆಯ ದಾರಿ

ಆ ದಿನ ನಾವು ಹಳ್ಳಿಯ ಒಂದು ಮನೆಯಲ್ಲಿ ಬಾಡಿಗೆಗೆ ಉಳಿದೆವು. ಒಂದೇ ಕೋಣೆ, ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬೆಳಿಗ್ಗೆ ಎದ್ದಾಗ ಅವನ ಹಾಸಿಗೆ ಮಡಿಸಿತ್ತು. ಹಿಂದಿನ ಸಂಜೆ ನಾನೇ ಎರಡೂ ಸೈಕಲ್ ತಂದು ನಿಲ್ಲಿಸಿದ್ದ ಅಂಗಳಕ್ಕೆ ಬಂದೆ. ಅವನ ಸೈಕಲ್ಲಿನ ಬಲಗಡೆಯ ಹಿಡಿ ಬರಿದಾಗಿತ್ತು. ನಾನು ಸುತ್ತಿದ್ದ ರಬ್ಬರ್ ಪಟ್ಟಿ ಸೀಟಿನ ಮೇಲೆ ಮಡಿಸಿಟ್ಟಿತ್ತು. ನಾನು ಒಳಗೆ ಸಿಕ್ಕಿಸಿದ್ದ ತುದಿಯಲ್ಲಿ ಅವನ ಹಲ್ಲಿನ ಗುರುತು. ಒಂದು ಕೈಯಿಂದ ಅಷ್ಟು ಬಿಗಿಯಾದ ಕಟ್ಟು ಬಿಚ್ಚಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ. ನನಗೆ ಅರ್ಧ ನಿಮಿಷದ ಕೆಲಸವಾಗಿತ್ತದು. ಆವತ್ತೂ ಅರ್ಧ ನಿಮಿಷವೇ ಸಾಕಾಗಿತ್ತು.

ಅವನು ರಸ್ತೆಯಲ್ಲಿ ದೂರದಲ್ಲಿ ನಡೆಯುತ್ತಿದ್ದ, ತಂಗಾಲೆಯ ಕಡೆಗೆ. ನಾನು ಎರಡು ಸೈಕಲ್ಲುಗಳ ನಡುವೆ ನಿಂತು, ಒಂದೊಂದನ್ನು ಒಂದೊಂದು ಕೈಯಲ್ಲಿ ಹಿಡಿದು ತಳ್ಳುತ್ತಾ ಹಿಂದೆ ಹೊರಟೆ. ಹತ್ತು ಕಿಲೋಮೀಟರ್ ಇದ್ದೀತು. ನನ್ನ ವಯಸ್ಸಿನಲ್ಲಿ ಒಂದು ಸೈಕಲ್ ತಳ್ಳುವುದೇ ಹೆಚ್ಚು. ಇಳಿಜಾರಿನಲ್ಲಿ ಎರಡೂ ನನ್ನನ್ನು ಎಳೆಯುತ್ತಿದ್ದವು, ಏರಿನಲ್ಲಿ ಎರಡೂ ಹಿಂದಕ್ಕೆ ಜಗ್ಗುತ್ತಿದ್ದವು. ಕಡಲು ಆ ದಿನ ಉಳಿದೆಲ್ಲ ದಿನಕ್ಕಿಂತ ಚೆಲುವಾಗಿತ್ತು ಎಂದು ನೆನಪು. ನಾನು ನೋಡಿದ್ದು ಮುಂದೆ ಹೋಗುತ್ತಿದ್ದ ಒಂದು ಬೆನ್ನನ್ನು. ನಾನು ಉಸಿರಿಗಾಗಿ ನಿಂತರೆ ಅವನೂ ದೂರದಲ್ಲಿ ನಿಲ್ಲುತ್ತಿದ್ದ. ತಿರುಗಿ ನೋಡುತ್ತಿರಲಿಲ್ಲ. ನಾನು ಹೊರಟ ಸದ್ದು ಕೇಳಿದ ಮೇಲೆ ಹೆಜ್ಜೆ ಹಾಕುತ್ತಿದ್ದ.

ಆ ದಾರಿಯಲ್ಲಿ ಮೊಸರು ಮಾರುವ ಅಂಗಡಿಗಳಿವೆ. ಎಮ್ಮೆ ಮೊಸರನ್ನು ಮಣ್ಣಿನ ಕುಡಿಕೆಗಳಲ್ಲೇ ಹೆಪ್ಪು ಹಾಕಿ ಸಾಲಾಗಿ ತೂಗುಹಾಕಿರುತ್ತಾರೆ. ಅದರ ಮೇಲೆ ತೆಳು ಬೆಲ್ಲದ ಪಾಕ ಸುರಿದು ಕೊಡುತ್ತಾರೆ. ಅಂಥ ಒಂದು ಅಂಗಡಿಯ ಬೆಂಚಿನ ಮೇಲೆ ಅವನು ಕುಳಿತಿದ್ದ. ನಾನು ಸೈಕಲ್ ನಿಲ್ಲಿಸಿ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತೆ.

ಮೊಸರಿನ ಮುದುಕಿ ಅವನ ಕೈ ನೋಡಿದಳು. ನಾಲಿಗೆಯಿಂದ ಚ್ಚು ಚ್ಚು ಎಂದು, ತನ್ನದೇ ಬೆರಳು ಮಡಚಿ, ಹೇಗಾಯಿತೆಂದು ಸನ್ನೆಯಲ್ಲಿ ಕೇಳಿದಳು.

ಅವನು ಹಿಂದಿನ ದಿನದಿಂದ ಮೊದಲ ಬಾರಿಗೆ ನನ್ನ ಕಡೆ ತಿರುಗಿದ. "ಹೇಳ್ರಿ" ಎಂದ.

ಅವಳಿಗೆ ತಮಿಳು ಬರುತ್ತಿರಲಿಲ್ಲ. ನಾನು ಬೆರಳಿನಿಂದ ಅವನ ಕೈ ತೋರಿಸಿದೆ. ಆಮೇಲೆ ಅದೇ ಬೆರಳನ್ನು ನನ್ನ ಎದೆಗೆ ಇಟ್ಟುಕೊಂಡೆ.

ಮುದುಕಿ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ನಾವಿಬ್ಬರೂ ಒಂದೇ ಬೆಂಚಿನ ಮೇಲಿದ್ದುದು ಅವಳಿಗೆ ಅರ್ಥವಾಗಲಿಲ್ಲವೇನೋ. ಅವನ ಕುಡಿಕೆಗೆ ಇನ್ನೊಂದು ಸೌಟು ಪಾಕ ಸುರಿದಳು. ನನ್ನ ಕುಡಿಕೆಯನ್ನು ನನ್ನ ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಒಳಗೆ ಹೋದಳು.

"ಇದನ್ನ ರೇಣುಕಾಗೂ ಹೇಳ್ರಿ" ಎಂದ ಯಲ್ಲಪ್ಪ. ರೇಣುಕಾ ಅವನ ಒಬ್ಬಳೇ ಮಗಳು. "ನಾ ಹೇಳಿದ್ರ ನಂಬಂಗಿಲ್ಲ. ಅವ್ವನ ಮಾತು ಕೇಳಿ ಬೆಳದಾಳ. ನಿಮ್ಮನ್ನೂ ಭಾಳ ಹಚ್ಕೊಂಡಾಳ."

ತಂಗಾಲೆ ತಲುಪಿದೆವು. ಕ್ಯಾಲೆಂಡರಿನಲ್ಲಿದ್ದ ಹಾಗೆಯೇ ತೆಂಗು ಬಾಗಿದ ಒಂದು ತಿರುವಿತ್ತು. ಅದೇ ಇರಬಹುದು, ಬೇರೆಯೂ ಇರಬಹುದು. "ಒಂದು ಸುತ್ತು ಹೊಡೀತೀಯೇನೋ?" ಎಂದು ಅವನ ಸೈಕಲ್ ಮುಂದೆ ಹಿಡಿದೆ. ಅವನು ತೆಂಗನ್ನು ನೋಡಿದ, ಸೈಕಲ್ ನೋಡಿದ.

"ನಡದ ಬಂದೇನಲ್ರಿ. ಸಾಕು" ಎಂದ.

ಜಾಲಹಳ್ಳಿ ಕ್ರಾಸ್

ವಿಮಾನ ನಿಲ್ದಾಣಕ್ಕೆ ರೇಣುಕಾ ಬಂದಿದ್ದಳು. ಅವಳು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದವಳು, ಕಣ್ಣು ಕೆಂಪಾಗಿತ್ತು. ಅಪ್ಪನಿಗಿಂತ ಮೊದಲು ನನ್ನ ಚೀಲ ಕಿತ್ತುಕೊಂಡಳು.

"ಎಷ್ಟು ಸೊರಗೀರಿ ಕಾಕಾ! ಈ ಮುದುಕ ನಿಮ್ಮನ್ನ ಭಾಳ ಓಡಾಡ್ಸಿದ್ನೇನು?"

ಚಿಕ್ಕವಳಿದ್ದಾಗಿನಿಂದ ಅವಳು ನನ್ನನ್ನು ಕಾಕಾ ಎಂದೇ ಕರೆದದ್ದು. ಎರಡನೇ ತರಗತಿಯ ಸ್ಲೇಟು ನಾನು ಕೊಡಿಸಿದ್ದು, ಕಾಲೇಜಿನ ಫಾರಂಗೆ ಸಹಿ ಮಾಡಿದವನೂ ನಾನು. ಆ ಪ್ರೀತಿಯನ್ನೆಲ್ಲ ನಾನು ಕದ್ದು ತಿಂದದ್ದು ಎಂದು ಆ ಗಳಿಗೆಯಲ್ಲಿ ಅನಿಸಿತು.

ಬಸ್ಸಿನಲ್ಲಿ ಅವಳು ನಮ್ಮಿಬ್ಬರ ನಡುವೆ ಕುಳಿತಳು. ಹೆಬ್ಬಾಳದ ಹತ್ತಿರ ಹೇಳಲು ಶುರು ಮಾಡಿದೆ. ಟ್ಯೂಬಿನ ಪಟ್ಟಿ, ಟೀ, ಆಸ್ಪತ್ರೆ, ನನ್ನ ಸಹಿ, ಯಾವುದನ್ನೂ ಬಿಡಲಿಲ್ಲ. ಯಲ್ಲಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಗೊರಗುಂಟೆಪಾಳ್ಯದಲ್ಲಿ ನನ್ನ ಮಾತು ಮುಗಿಯಿತು. ಮೇಲುಸೇತುವೆಯ ಪಕ್ಕದಲ್ಲಿ ಮೆಟ್ರೊ ರೈಲು ನಮ್ಮ ಜೊತೆಗೇ ಸ್ವಲ್ಪ ದೂರ ಬಂದು ಮುಂದೆ ಹೋಯಿತು.

ಅವಳು ಅಪ್ಪನ ಬಲಗೈಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ಅವ್ವ ಸಾಯೂ ದಿನ ನೀವೂ ಅಲ್ಲೇ ಇದ್ರಿ" ಎಂದಳು, ನನ್ನ ಕಡೆ ನೋಡದೆ.

"ಇದ್ದೆ ಕಣಮ್ಮ."

ಪೀಣ್ಯ ದಾಟಿತು. ಕಾರ್ಖಾನೆಗಳ ಪಾಳಿ ಬಿಟ್ಟಿತ್ತು. ಜನ ರಸ್ತೆ ದಾಟಲು ಅಂಚಿನಲ್ಲಿ ಗುಂಪಾಗಿ ನಿಂತಿದ್ದರು, ಯಾವ ಗಾಡಿಯೂ ನಿಲ್ಲುತ್ತಿರಲಿಲ್ಲ. ರಬ್ಬರ್ ಪಟ್ಟಿ ನನ್ನ ಜೇಬಿನಲ್ಲಿತ್ತು. ನನ್ನ ಸ್ಟಾಪು ಜಾಲಹಳ್ಳಿ ಕ್ರಾಸ್, ಅವರು ಇಳಿಯುವುದು ಅದರ ಮುಂದಿನ ದಾಸರಹಳ್ಳಿಯಲ್ಲಿ. ಇಷ್ಟು ವರ್ಷ ಎಲ್ಲಿಗೆ ಹೋಗಿ ಬಂದರೂ ಮೊದಲು ಅವರ ಮನೆಗೆ ಹೋಗಿ, ಚಹಾ ಕುಡಿದು, ಆಮೇಲೆ ನಾನು ನನ್ನ ಮನೆಗೆ ನಡೆದು ಹೋಗುವುದು ವಾಡಿಕೆ. ಆ ವಾಡಿಕೆಯ ಮೇಲೆಯೇ ನಾನು ಸುಮ್ಮನೆ ಕುಳಿತಿದ್ದೆ.

ಜಾಲಹಳ್ಳಿ ಕ್ರಾಸ್ ಬಂತು. ರೇಣುಕಾ ಎದ್ದು, ನನ್ನ ಚೀಲವನ್ನು ನನ್ನ ಕೈಗೆ ಕೊಟ್ಟಳು.

"ಸಾರ್, ನಿಮ್ಮ ಸ್ಟಾಪ್ ಬಂತು" ಎಂದಳು.